ಆರ್‌ಎಲ್‌ಎಲ್ ಸಂಕೇತ: ಹಿಗ್ಗಿಸಿ ಉಳಿಸುವ ಉಪಾಯ

ಹಾರ್ಡ್ ಡಿಸ್ಕ್‌ನಲ್ಲಿ ಉತ್ತರ ಧ್ರುವವೆಂದರೆ 1, ದಕ್ಷಿಣ ಧ್ರುವವೆಂದರೆ 0 ಎಂದು ತರಗತಿಗಳಲ್ಲಿ ಹೇಳುವುದುಂಟು. ಈ ವಿವರಣೆ ಸರಳ, ಆದರೆ ಸರಿಯಲ್ಲ. ಸಾಲಾಗಿ ನೂರು ಸೊನ್ನೆಗಳಿದ್ದರೆ, ಅವು ನೂರೋ ನೂರೊಂದೋ ಎಂದು ಡಿಸ್ಕ್‌ಗೆ ತಿಳಿಯುವುದು ಹೇಗೆ? ವಿದ್ಯಾರ್ಥಿಯೊಬ್ಬ ಹೀಗೆ ಕೇಳಿದರೆ ಈ ವಿವರಣೆಯಲ್ಲಿ ಉತ್ತರವಿಲ್ಲ.

ಓದುವ ಹೆಡ್ ಗುರುತಿಸುವುದು ಧ್ರುವವನ್ನಲ್ಲ, ಧ್ರುವದ ಬದಲಾವಣೆಯನ್ನು. ಬದಲಾವಣೆ ಕಂಡರೆ 1, ಕಾಣದಿದ್ದರೆ 0. ಬದಲಾವಣೆಗಳು ತೀರ ಹತ್ತಿರವಾದರೆ ಅವುಗಳ ಸ್ಪಂದಗಳು ಒಂದರೊಡನೊಂದು ಬೆರೆಯುತ್ತವೆ. ತೀರ ದೂರವಾದರೆ ಓದುವ ಮಂಡಲದ ಗಡಿಯಾರ ಲೆಕ್ಕ ತಪ್ಪುತ್ತದೆ. ರನ್-ಲೆಂತ್ ಲಿಮಿಟೆಡ್, ಅಂದರೆ ಆರ್‌ಎಲ್‌ಎಲ್ ಸಂಕೇತಗಳು ಎರಡಕ್ಕೂ ಮಿತಿ ಹಾಕುತ್ತವೆ. ಐಬಿಎಂ 1979ರಲ್ಲಿ 3370 ಡಿಸ್ಕ್‌ನಲ್ಲಿ ಬಳಸಿದ (2,7) ಸಂಕೇತದಲ್ಲಿ, ಎರಡು 1ಗಳ ನಡುವೆ ಕನಿಷ್ಠ 2, ಗರಿಷ್ಠ 7 ಸೊನ್ನೆಗಳಿರುತ್ತವೆ.

ಎರಡನೆಯ ತಪ್ಪು ಕಲ್ಪನೆ ಇನ್ನೂ ಗಟ್ಟಿಯಾದುದು. 1980ರ ದಶಕದ ಪಿಸಿ ಡಿಸ್ಕ್‌ಗಳಲ್ಲಿ, ಹಿಂದಿನ ಎಂಎಫ್‌ಎಂ ಸಂಕೇತದಿಂದ ಪ್ರತಿ ಟ್ರ್ಯಾಕ್‌ನಲ್ಲಿ 17 ಸೆಕ್ಟರ್‌ಗಳು ಹಿಡಿಸುತ್ತಿದ್ದರೆ, ಆರ್‌ಎಲ್‌ಎಲ್‌ನಿಂದ 26 ಹಿಡಿಸಿದವು. ಹಾಗಾದರೆ ಇದು ದತ್ತಾಂಶವನ್ನು ಸಂಕುಚಿಸುವ ವಿಧಾನವೇ? ಲೆಕ್ಕ ಮಾಡಿ ನೋಡೋಣ. (2,7) ಕೋಷ್ಟಕದಲ್ಲಿ 10ಕ್ಕೆ 0100, 11ಕ್ಕೆ 1000, 0010ಕ್ಕೆ 00100100. ಆದ್ದರಿಂದ 10110010 ಎಂಬ ಬೈಟ್ 0100100000100100 ಆಗುತ್ತದೆ. 8 ಬಿಟ್‌ಗಳು 16 ಆದವು! ದತ್ತಾಂಶ ಕುಗ್ಗಲಿಲ್ಲ, ಹಿಗ್ಗಿತು.

ಎಂಎಫ್‌ಎಂ ಕೂಡ ಹೀಗೆಯೇ ಇಮ್ಮಡಿಗೊಳಿಸುತ್ತದೆ. ಆದರೆ ಅಲ್ಲಿ 1ಗಳ ನಡುವಿನ ಕನಿಷ್ಠ ಅಂತರ 2 ಕೋಶಗಳು, ಇಲ್ಲಿ 3. ಡಿಸ್ಕ್ ಸಹಿಸುವ ಕನಿಷ್ಠ ದೂರ ಅಷ್ಟೇ ಇರುವುದರಿಂದ ಒಂದೊಂದು ಕೋಶವನ್ನೂ ಮೂರನೆಯ ಎರಡು ಭಾಗಕ್ಕೆ ಇಳಿಸಬಹುದು. ಲಾಭ ಒಂದೂವರೆ ಪಟ್ಟು.

ಈ ಲಾಭ ಪುಕ್ಕಟೆಯಲ್ಲ. ಕೋಶ ಕಿರಿದಾದಷ್ಟೂ ಸ್ಪಂದ ಬಂದ ಕ್ಷಣವನ್ನು ನಿಖರವಾಗಿ ಅಳೆಯಬೇಕು. ಎಂಎಫ್‌ಎಂಗೆಂದು ತಯಾರಾದ ಡಿಸ್ಕ್‌ಗೆ ಆರ್‌ಎಲ್‌ಎಲ್ ನಿಯಂತ್ರಕ ಜೋಡಿಸಿದರೆ ದತ್ತಾಂಶ ಕೆಡುವ ಅಪಾಯವಿದ್ದುದು ಇದರಿಂದಲೇ. ಸಾಮರ್ಥ್ಯವನ್ನಷ್ಟೇ ಹೊಗಳುವ ಬರಹಗಳು ಈ ಬೆಲೆಯನ್ನು ಮುಚ್ಚಿಡುತ್ತವೆ.

1990ರ ದಶಕದಲ್ಲಿ ಪಿಆರ್‌ಎಂಎಲ್ ತಂತ್ರ ಬಂದು, ಬೆರೆತ ಸ್ಪಂದಗಳನ್ನೇ ಗಣಿತದಿಂದ ಬಿಡಿಸಿ ಓದುವುದು ಸಾಧ್ಯವಾಯಿತು. ಕನಿಷ್ಠ ಅಂತರದ ನಿಯಮ ಸಡಿಲಗೊಂಡಿತು. ಗರಿಷ್ಠ ಮಿತಿ ಮಾತ್ರ ಉಳಿಯಿತು, ಏಕೆಂದರೆ ಗಡಿಯಾರದ ಸಮಸ್ಯೆ ತಪ್ಪಲಿಲ್ಲ. ಪಾಠ ಆರಂಭವಾಗಬೇಕಾದದ್ದು ಧ್ರುವಗಳಿಂದಲ್ಲ, ಈ ಸಮಸ್ಯೆಯಿಂದ. ಮೇಲಿನ ಮೂರು ಸಂಕೇತಗಳನ್ನು ಕರಿಹಲಗೆಯ ಮೇಲೆ ಬರೆದು, ಸೊನ್ನೆಗಳನ್ನು ವಿದ್ಯಾರ್ಥಿಗಳಿಂದಲೇ ಎಣಿಸಿದರೆ ಸಾಕು.