ಅಬಿಂಗ್ಡನ್ ದಾಟಿದ ಮೇಲಿನ ಮರೆವು

ಜಾನ್ ಸ್ಟೈನ್‌ಬೆಕ್‌ನ ಅಮೆರಿಕಾ ಪ್ರವಾಸಕಥನ ‘ಟ್ರಾವೆಲ್ಸ್ ವಿತ್ ಚಾರ್ಲಿ’ಯನ್ನು ಮೆಚ್ಚುವವರಿಗೆ ಅದರ ಕೊನೆಯ ಹಾದಿಯ ಮೇಲೆ ವಿಶೇಷ ಮಮತೆ. ಪುಸ್ತಕದಲ್ಲಿ ಬೇರೆ ಏನೇ ಕೊರತೆಯಿರಲಿ, ಮನೆಗೆ ಮರಳುವ ಆ ಕೆಲವೇ ಪುಟಗಳಲ್ಲಿ ಲೇಖಕ ಮುಚ್ಚುಮರೆಯಿಲ್ಲದೆ ಮಾತಾಡಿದ್ದಾನೆ ಎಂಬ ಅಭಿಪ್ರಾಯ ರೂಢಿಯಾಗಿಬಿಟ್ಟಿದೆ. ತಿಂಗಳುಗಟ್ಟಲೆ ಮೋಟಾರುಮನೆ ಓಡಿಸಿ ಬಂದವರು ‘ನಮಗೂ ಥೇಟ್ ಹೀಗೇ ಆಯಿತು’ ಎನ್ನುತ್ತಾರೆ. ಆಗಿರಬಹುದು. ಆದರೆ ಇಡೀ ಪುಸ್ತಕದಲ್ಲಿ ಅಷ್ಟು ಲೆಕ್ಕ ಹಾಕಿ ಬರೆದ ಪುಟಗಳು ಬೇರೆ ಇಲ್ಲ ಎಂದೇ ನನಗನ್ನಿಸುತ್ತದೆ.

ಜಿಎಂಸಿ ಪಿಕಪ್ಪಿನ ಬೆನ್ನಿಗೆ ಕೂರಿಸಿದ ಪುಟ್ಟ ಮನೆ, ಅದಕ್ಕಿಟ್ಟ ರೋಸಿನಾಂಟೆ ಎಂಬ ಹೆಸರು, ಪಕ್ಕದ ಸೀಟಿನಲ್ಲಿ ಪೂಡಲ್ ನಾಯಿ ಚಾರ್ಲಿ, 1960ರ ಸೆಪ್ಟೆಂಬರಿನಲ್ಲಿ ಸ್ಯಾಗ್ ಹಾರ್ಬರಿನಿಂದ ಹೊರಟು ಸುಮಾರು 10,000 ಮೈಲಿಯ ಸುತ್ತು: ಇವೆಲ್ಲ ಓದುಗರಿಗೆ ಗೊತ್ತಿರುವ ಸಂಗತಿ. ನೇರ ವರ್ಜೀನಿಯಾದ ಅಬಿಂಗ್ಡನ್‌ಗೆ ಬರುತ್ತೇನೆ. ಮನೆ ಇನ್ನೂ ಸುಮಾರು 600 ಮೈಲಿ ದೂರ. ಗಾಳಿ ಬೀಸುತ್ತಿದ್ದ ಒಂದು ಸಂಜೆ, ನಾಲ್ಕು ಗಂಟೆಗೆ, ಹೇಳದೆ ಕೇಳದೆ ಪ್ರವಾಸ ತನ್ನನ್ನು ಬಿಟ್ಟು ಹೊರಟುಹೋಯಿತು ಎನ್ನುತ್ತಾನೆ ಸ್ಟೈನ್‌ಬೆಕ್. ಅಲ್ಲಿಂದ ಮುಂದೆ ಗುಡ್ಡಗಳು ಬರೀ ಅಡ್ಡಿ, ಮರಗಳು ಹಸಿರು ಮಬ್ಬು, ಮನುಷ್ಯರಿಗೆ ಮುಖವೇ ಇಲ್ಲ. ಏನು ತಿಂದರೂ ಒಂದೇ ರುಚಿ. ಹಾಸಿಗೆ ಮಡಿಸಿಲ್ಲ, ಒಲೆ ಹಚ್ಚಿಲ್ಲ, ಕಪಾಟಿನಲ್ಲಿ ಬ್ರೆಡ್ಡಿಗೆ ಬೂಷ್ಟು ಹಿಡಿದಿದೆ. ವೆಸ್ಟ್ ವರ್ಜೀನಿಯಾ ಹೋಯಿತು, ಪೆನ್ಸಿಲ್ವೇನಿಯಾ ಹೋಯಿತು, ಒಂದೂ ನೆನಪಿಲ್ಲ.

ಚೆನ್ನಾಗಿದೆ. ತುಸು ಅತಿಯಾಗಿಯೇ ಚೆನ್ನಾಗಿದೆ. ಏನೂ ಕಾಣದವನಿಗೆ ಕಪಾಟಿನೊಳಗಿನ ಬೂಷ್ಟು ಕಂಡದ್ದು ಹೇಗೆ? ಹೊರಗಿನ ಲೋಕಕ್ಕೆ ಕಣ್ಣು ಮುಚ್ಚಿದವನಿಗೂ ತನ್ನ ಗೂಡಿನ ಒಳಗು ಕಾಣುತ್ತದೆ ಎಂದು ವಾದಿಸಬಹುದು, ಒಪ್ಪೋಣ. ಆದರೆ ಆ ಹಸಿರು ಮಬ್ಬು? ಅದು ಡಿಸೆಂಬರಿನ ಮೊದಲ ದಿನಗಳ ಹೊತ್ತು. ನೈರುತ್ಯ ವರ್ಜೀನಿಯಾದ ಓಕು, ಮೇಪಲ್‌ಗಳೆಲ್ಲ ಆ ವೇಳೆಗೆ ಎಲೆ ಕಳಚಿಕೊಂಡು ಬೋಳಾಗಿರುತ್ತವೆ. ಅಲ್ಲಲ್ಲಿ ಪೈನು ಉಳಿದಿರುತ್ತದೆ, ನಿಜ. ಪೈನನ್ನು ಗುರುತಿಸಿದ ಕಣ್ಣು ಪೈನು ಎಂದೇ ಬರೆಯುತ್ತಿತ್ತು. ಈ ಹಸಿರು ಬಂದದ್ದು ಬರೆಯುವ ಮೇಜಿನಿಂದ. ವೇಗದ ಪ್ರಯಾಣ ಎಂದರೆ ಯಾರ ಕೈಗೂ ಸಲೀಸಾಗಿ ಸಿಗುವ ಹಸಿರು ಅದು.

ಇದಾದ ಮೇಲೆ ಬರುವುದೇ ಮುಖ್ಯವಾದ ಮಾತು. ಅಬಿಂಗ್ಡನ್‌ವರೆಗಿನ ಪ್ರಯಾಣ ತನಗೆ ಸಿನಿಮಾದ ರೀಲಿನಂತೆ ನೆನಪಿದೆ, ಪ್ರತಿ ಮುಖ, ಪ್ರತಿ ಬೆಟ್ಟ, ಆಡಿದ ಮಾತಿನ ದನಿ ಕೂಡ ಹಾಗೇ ಇದೆ, ಆಮೇಲಿನದು ಮಾತ್ರ ಶೂನ್ಯ ಎನ್ನುತ್ತಾನೆ. ಎಲ್ಲರೂ ಶೂನ್ಯವನ್ನು ಹೊಗಳುತ್ತಾರೆ. ಆ ಶೂನ್ಯದ ಬೆನ್ನ ಹಿಂದೆ ನಿಂತಿರುವ ಹಕ್ಕುಸಾಧನೆ ಎಷ್ಟು ದೊಡ್ಡದು ನೋಡಿ! ಸಂತೆಯಲ್ಲಿ ಎಂಟಾಣೆ ಹೆಚ್ಚು ಬಂತೆಂದು ಗಿರಾಕಿಯನ್ನು ಕೂಗಿ ಕರೆದು ವಾಪಸು ಕೊಡುವ ವ್ಯಾಪಾರಿಯ ತಕ್ಕಡಿಯನ್ನು ಮತ್ತೆ ಯಾರು ಅನುಮಾನಿಸುತ್ತಾರೆ? ಕೆಲವು ದಿನಗಳ ಮರೆವನ್ನು ಒಪ್ಪಿಕೊಂಡ ಲೇಖಕ ಅದಕ್ಕೆ ಹಿಂದಿನ ತಿಂಗಳುಗಳ ಸಂಭಾಷಣೆಗೆಲ್ಲ ರುಜು ಹಾಕಿಸಿಕೊಂಡ.

ಬಿಲ್ ಸ್ಟೈಗರ್‌ವಾಲ್ಡ್‌ಗೂ ಇದು ಕಾಣಲಿಲ್ಲ ಎನ್ನುವುದು ನನ್ನ ತಕರಾರು. ಈ ಪತ್ರಕರ್ತ 2010ರಲ್ಲಿ ಅದೇ ದಾರಿ ಹಿಡಿದು ಹೋಗಿ, ಸ್ಟೈನ್‌ಬೆಕ್ ಎಷ್ಟು ರಾತ್ರಿ ಹೋಟೆಲಿನಲ್ಲಿ ಮಲಗಿದ, ಎಷ್ಟು ದಿನ ಹೆಂಡತಿ ಎಲೇನ್ ಜೊತೆಗಿದ್ದಳು ಎಂದು ಲೆಕ್ಕ ತೆಗೆದ. ಮಾತುಕತೆಗಳಲ್ಲಿ ಬಹುಪಾಲು ಕಟ್ಟುಕತೆ ಎಂದು ತೀರ್ಪು ಕೊಟ್ಟ. ತೀರ್ಪು ಸರಿಯೇ ಇರಬಹುದು, ದಾರಿ ಪೋಲೀಸರದು. ಹೋಟೆಲಿನ ಬಿಲ್ಲು ಹುಡುಕುವವನಿಗೆ ವಾಕ್ಯದೊಳಗೆ ನಡೆದ ಕೈಚಳಕ ಸಿಗುವುದಿಲ್ಲ. ಅವನ ಎದುರಾಳಿಗಳು ಇನ್ನೂ ಸೋಮಾರಿಗಳು. ‘ಕಾದಂಬರಿಕಾರ ತಾನೆ, ಕಟ್ಟದೆ ಇರುತ್ತಾನೆಯೇ’ ಎಂದು ಕೈತೊಳೆದುಕೊಂಡರು. 2012ರ ಸುವರ್ಣ ವರ್ಷದ ಆವೃತ್ತಿಗೆ ಮುನ್ನುಡಿ ಬರೆದ ಜೇ ಪರೀನಿ, ಇದನ್ನು ಅಕ್ಷರಶಃ ನಂಬಬೇಡಿ ಎಂದು ಎಚ್ಚರಿಸಿ ಮುಗಿಸಿದರು. ಅಕ್ಷರಶಃ ನಂಬಿರೆಂದು ಓದುಗನ ಕೈ ಹಿಡಿದು ಒಪ್ಪಿಸುವ ಜಾಗ ಪುಸ್ತಕದೊಳಗೇ ಇರುವಾಗ ಮುನ್ನುಡಿಯ ಎಚ್ಚರಿಕೆ ಯಾವ ಲೆಕ್ಕಕ್ಕೆ? ಒಬ್ಬರಿಗೆ ಕಳ್ಳನನ್ನು ಹಿಡಿಯುವ ಚಪಲ, ಇನ್ನೊಬ್ಬರಿಗೆ ಹಿರಿಯರ ಮಾನ ಉಳಿಸುವ ಆತುರ. ಗದ್ಯವನ್ನು ಓದುವ ವ್ಯವಧಾನ ಎರಡೂ ಪಕ್ಷಕ್ಕಿಲ್ಲ.

ಈ ಮರೆವು ಇನ್ನೊಂದು ಅನುಕೂಲವನ್ನೂ ಮಾಡಿಕೊಟ್ಟಿದೆ. ಅಬಿಂಗ್ಡನ್‌ಗೆ ಸ್ವಲ್ಪ ಹಿಂದೆ ನ್ಯೂ ಆರ್ಲಿಯನ್ಸಿನ ಶಾಲೆಯ ಮುಂದೆ ಪುಟ್ಟ ಕಪ್ಪು ಹುಡುಗಿಯೊಬ್ಬಳನ್ನು ಹೊಲಸು ಬೈಯುತ್ತಿದ್ದ ಬಿಳಿ ಹೆಂಗಸರನ್ನು ಅವನು ಕಂಡಿದ್ದ. ಪುಸ್ತಕದ ಅತ್ಯುತ್ತಮ ಭಾಗ ಅದು, ಅನುಮಾನವೇ ಬೇಡ. ಅಷ್ಟು ಕಂಡವನು ಮುಂದೆ ಏನು ಹೇಳುತ್ತಾನೆ ಎಂದು ಕಾಯುತ್ತೇವೆ. ವರ್ಜೀನಿಯಾದಲ್ಲೇ, ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ, ಕಪ್ಪು ಮಕ್ಕಳನ್ನು ಬಿಳಿಯರ ಜೊತೆ ಕೂರಿಸಬೇಕಾದೀತೆಂದು 1959ರಲ್ಲಿ ಸಾರ್ವಜನಿಕ ಶಾಲೆಗಳಿಗೇ ಬೀಗ ಜಡಿದಿದ್ದರು, ತೆರೆದದ್ದು 1964ರಲ್ಲಿ. ಆ ಕೌಂಟಿ ಅವನ ದಾರಿಯಿಂದ ಬಹಳ ದೂರ, ಅಲ್ಲಿಗೆ ಹೋಗಲಿಲ್ಲವೆಂದು ಯಾರೂ ಅವನನ್ನು ದೂರಬೇಕಾಗಿಲ್ಲ. ಆದರೆ ದಕ್ಷಿಣದ ಗಡಿ ದಾಟುವ ಮೊದಲೇ ಎಲ್ಲರ ಮುಖವನ್ನೂ ಅಳಿಸಿಬಿಡುವ ದಣಿವು ಎಷ್ಟು ಸಮಯಕ್ಕೆ ಸರಿಯಾಗಿ ಬಂತು! ಉತ್ತರ ಹೇಳಬೇಕಾದ ಹೊತ್ತಿಗೆ ಲೇಖಕನಿಗೆ ಮನೆ ನೆನಪಾಗುತ್ತದೆ, ಓದುಗ ಪಾಪ ಎನ್ನುತ್ತಾನೆ.

ನನ್ನನ್ನು ಕೇಳಿದರೆ ಈ ಕೊನೆಯ ಹಾದಿಯಲ್ಲಿ ಉಳಿಯುವ ಬರಹ ಹಾಲೆಂಡ್ ಸುರಂಗದ ಬಾಯಲ್ಲಿದೆ, ಅದನ್ನು ಎತ್ತಿ ಆಡುವವರೇ ಕಡಿಮೆ. ಸುರಂಗದ ಆಚೆ ಮ್ಯಾನ್‌ಹಟನ್, ಹೆಂಡತಿ, ಸ್ವಂತ ಹಾಸಿಗೆ. ಪೋಲೀಸಿನವನು ಕೈ ಅಡ್ಡ ಹಿಡಿಯುತ್ತಾನೆ: ಬ್ಯೂಟೇನ್ ಸಿಲಿಂಡರ್ ಇಟ್ಟುಕೊಂಡು ಒಳಗೆ ಹೋಗುವಂತಿಲ್ಲ. ಬಂದ್ ಮಾಡಿದ್ದೇನೆ ಸ್ವಾಮಿ ಎಂದರೂ ಕಾನೂನು ಕಾನೂನೇ. ಅಡುಗೆ ಅನಿಲ ಹೊತ್ತ ಮೋಟಾರುಮನೆಗಳಿಗೆ ಅಲ್ಲಿ ಇಂದಿಗೂ ಪ್ರವೇಶವಿಲ್ಲ. ದೇಶವನ್ನೆಲ್ಲ ಸುತ್ತಿ ಬಂದ ಗಂಡಸು ಅಲ್ಲಿ ಕುಸಿದು, ಹಾಗಾದರೆ ಮನೆಗೆ ಹೋಗುವುದು ಹೇಗೆ ಎಂದು ಗೋಳಾಡುತ್ತಾನೆ. ಗಾಡಿಯನ್ನು ಮನೆಯಾಗಿಸಿದ್ದ ಒಲೆಯೇ ಮನೆಯ ದಾರಿಗೆ ಅಡ್ಡ ನಿಂತಿದೆ. ಇಲ್ಲಿ ಉಪಮೆಯಿಲ್ಲ, ಮಬ್ಬಿಲ್ಲ. ಒಂದು ನಿಯಮ, ಒಬ್ಬ ಪೇದೆ, ಹೊಬೋಕನ್ನಿನ ದೋಣಿಯ ಕಡೆ ತಿರುಗಿಸಬೇಕಾದ ಸ್ಟಿಯರಿಂಗು. ಆದರೆ ಸ್ಟೈನ್‌ಬೆಕ್ ಅದನ್ನು ಕೆಲವೇ ಸಾಲಿನಲ್ಲಿ ದಾಟಿಸಿ, ಸ್ವಂತ ಊರಿನಲ್ಲೇ ದಾರಿ ತಪ್ಪಿದೆ ಎಂಬ ನಗೆಚಾಟಿಕೆಯಲ್ಲಿ ಪುಸ್ತಕ ಮುಗಿಸುತ್ತಾನೆ. ಆ ನಗೆಗೂ ಇನ್ನೊಬ್ಬ ಪೋಲೀಸಿನವನನ್ನು ಕರೆಸಿಕೊಳ್ಳಬೇಕಾಗಿ ಬಂತು.