ಇಳಿಜಾರಿನ ಬಡಾವಣೆಯಲ್ಲಿ ಸಮತಲದ ಪ್ರಶ್ನೆ

ನಗರಯೋಜನೆಯ ನಕ್ಷೆಗಳನ್ನು ನೋಡುವಾಗ ಒಂದು ಭ್ರಮೆ ಸುಲಭವಾಗಿ ಉಂಟಾಗುತ್ತದೆ. ಕಾಗದವು ಸಮತಲವಾದುದರಿಂದ ಅದರಲ್ಲಿ ಬರೆದ ಉದ್ಯಾನ, ಶಾಲೆ, ವಾಹನ ನಿಲುಗಡೆ ಇವೆಲ್ಲವೂ ಮಟ್ಟಸವಾದ ನೆಲದ ಮೇಲೆಯೇ ಕುಳಿತಂತೆ ತೋರುತ್ತವೆ. ಗುಡ್ಡದ ಮೇಲಣ ಬಡಾವಣೆಯಲ್ಲಿ ಮಟ್ಟಸವಾದ ನೆಲವೇ ಎಲ್ಲಕ್ಕಿಂತ ದುರ್ಲಭವಾದುದು. ಅದನ್ನು ಕಡಿದು, ತುಂಬಿ, ಗೋಡೆ ಕಟ್ಟಿ ಪಡೆಯಬೇಕು. ಹೀಗೆ ಪಡೆದುದನ್ನು ಯಾರ ಉಪಯೋಗಕ್ಕೆ ಬಿಟ್ಟರೆಂದು ವಿಚಾರಿಸಿದರೆ ಯೋಜನೆಯ ನಿಜವಾದ ಉದ್ದೇಶವು ಹೊರಬೀಳುತ್ತದೆ. ಕೊಲಂಬಿಯಾ ದೇಶದ ಮೆಡೆಲಿನ್ ನಗರದಲ್ಲಿ 2004ರಿಂದೀಚೆಗೆ ನಡೆದ ಪುನರ್ರಚನೆಯನ್ನು ನಾವು ಈ ದೃಷ್ಟಿಯಿಂದ ಪರಿಶೀಲಿಸಬಯಸುತ್ತೇವೆ. ಅದನ್ನು ಹೊಗಳಿದವರು ಬಹುಮಂದಿ. ಆದರೆ ಹೊಗಳಿಕೆಯ ದೊಡ್ಡ ಪಾಲು ಕಟ್ಟಡಗಳಿಗೆ ಸಂದಿತೇ ಹೊರತು ನೆಲಕ್ಕೆ ಸಲ್ಲಲಿಲ್ಲ.

ಮೆಡೆಲಿನ್ ಅಬುರ್ರಾ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,500 ಮೀಟರು ಎತ್ತರದಲ್ಲಿದೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಳ್ಳಿಗಾಡಿನಿಂದ ಬಂದ ಬಡವರು ಕಣಿವೆಯ ಕಡಿದಾದ ಪಾರ್ಶ್ವಗಳನ್ನೇರಿ ತಾವೇ ಮನೆ ಕಟ್ಟಿಕೊಂಡರು. ಇಂಥ ನೆಲದ ಅಪಾಯ ಕಲ್ಪಿತವಲ್ಲ. 1987ರ ಸೆಪ್ಟೆಂಬರ್ 27ರಂದು ವಿಯಾತಿನಾ ಎಂಬ ಬಡಾವಣೆಯ ಮೇಲೆ ಗುಡ್ಡ ಜರಿದು ಸುಮಾರು 500 ಮಂದಿ ಮಡಿದರು.

ಇಲ್ಲಿ ಸ್ವಲ್ಪ ಲೆಕ್ಕ ಅಗತ್ಯ. ಒಂದು ಮೋಟಾರು ನಿಲ್ಲುವುದಕ್ಕೆ, ಅದು ತಿರುಗುವ ದಾರಿಯೂ ಸೇರಿ, ಸುಮಾರು 25 ಚದರ ಮೀಟರು ಬೇಕು. ನಲವತ್ತು ಮೋಟಾರುಗಳಿಗೆ 1,000 ಚದರ ಮೀಟರು. ಎಂದರೆ 50 ಮೀಟರು ಉದ್ದ, 20 ಮೀಟರು ಅಗಲದ ಒಂದು ಜಗಲಿ. ಐದಕ್ಕೆ ಒಂದರಂತೆ ಇಳಿಯುವ ನೆಲದಲ್ಲಿ ಈ ಜಗಲಿಯ ಎರಡು ಅಂಚುಗಳ ನಡುವೆ ಮೂಲನೆಲದ ಎತ್ತರದ ವ್ಯತ್ಯಾಸ 4 ಮೀಟರು. ಮೇಲಣ ಅಂಚಿನಲ್ಲಿ ಎರಡು ಮೀಟರು ಕಡಿಯಬೇಕು, ಕೆಳಗಣ ಅಂಚಿನಲ್ಲಿ ಎರಡು ಮೀಟರು ತುಂಬಬೇಕು. ಎರಡೂ ಕಡೆ ಮಣ್ಣನ್ನು ತಡೆಯುವ ಗೋಡೆ, ಅದರ ಬೆನ್ನಿಗೆ ನೀರು ಹರಿಯುವ ಮೋರಿ. ನಾಲ್ಕು ಮೀಟರು ಅಗಲದ ಮನೆಯಂಗಳಕ್ಕಾದರೋ ವ್ಯತ್ಯಾಸ ಕೇವಲ 80 ಸೆಂಟಿಮೀಟರು. ನಾಲ್ಕೈದು ಮೆಟ್ಟಿಲುಗಳಲ್ಲಿ ಮುಗಿಯುತ್ತದೆ. ಚಿಕ್ಕ ಸಮತಲವು ಗುಡ್ಡದೊಡನೆ ಹೊಂದಿಕೊಳ್ಳುತ್ತದೆ, ದೊಡ್ಡದು ಅದರೊಡನೆ ಹೋರಾಡುತ್ತದೆ.

ಮೆಡೆಲಿನ್ನಿನ ಯೋಜಕರು ತಮ್ಮ ಉತ್ತಮ ಕೆಲಸದಲ್ಲಿ ಈ ಸತ್ಯವನ್ನು ಅರಿತು ನಡೆದರು. 1995ರಲ್ಲಿ ಆರಂಭವಾದ ಮೆಟ್ರೋ ರೈಲು ಕಣಿವೆಯ ತಳವನ್ನು ಬಿಟ್ಟು ಮೇಲೇರಲಾರದು. 2004ರಲ್ಲಿ ಅದರ ಅಸೆವೆದೋ ನಿಲ್ದಾಣದಿಂದ ಸಾಂತೊ ದೊಮಿಂಗೊವರೆಗೆ ಕೇಬಲ್ ಕಾರು ಹೊರಟಿತು; ಅದಕ್ಕೆ ಬೇಕಾದುದು ನಿಲ್ದಾಣಗಳ ಹೊರತು ಕಂಬಗಳ ಬುಡದಷ್ಟೇ ನೆಲ. ಬಳಿಕ ಮೇಯರ್ ಸೆರ್ಹಿಯೊ ಫಹಾರ್ದೊ ಅವರ ಆಡಳಿತದಲ್ಲಿ (2004–2007) ವಾಸ್ತುಶಿಲ್ಪಿ ಅಲೆಹಾಂದ್ರೊ ಎಚೆವೆರಿ ಅವರ ಮುಂದಾಳುತನದಲ್ಲಿ ಆ ಮಾರ್ಗದ ಸುತ್ತಣ ಬಡಾವಣೆಗಳನ್ನು ತಿದ್ದಲಾಯಿತು. ಕಾಲುದಾರಿಗಳು ಅಗಲವಾದವು, ಸಣ್ಣ ಉದ್ಯಾನಗಳು ಮೂಡಿದವು. ಅಂದಲುಸಿಯಾ, ಲಾ ಫ್ರಾನ್ಸಿಯಾ ಎಂಬ, ಹಿಂದೆ ಪರಸ್ಪರ ಹಗೆಯಲ್ಲಿದ್ದ ಎರಡು ಬಡಾವಣೆಗಳ ನಡುವಣ ಕಮರಿಗೆ ಕಾಲುಸೇತುವೆ ಬಂದಿತು. ಹ್ವಾನ್ ಬೋಬೊ ಎಂಬ ಹಳ್ಳದ ದಂಡೆಯ ಕುಟುಂಬಗಳನ್ನು ದೂರಕ್ಕೆ ಅಟ್ಟದೆ ಅಲ್ಲಿಯೇ ಸುಭದ್ರವಾದ ಮನೆಗಳನ್ನು ಕೊಟ್ಟರು. ಇಡೀ ಯೋಜನೆಯಲ್ಲಿ ಅತ್ಯಂತ ಶ್ಲಾಘ್ಯವಾದುದು ಇದೇ ಎಂದು ನಮ್ಮ ಅಭಿಪ್ರಾಯ. ಚಿತ್ರಪತ್ರಿಕೆಗಳಿಗೆ ಇದು ರುಚಿಸಲಿಲ್ಲವೆಂದರೆ ಆಶ್ಚರ್ಯವಿಲ್ಲ.

ಅವುಗಳಿಗೆ ರುಚಿಸಿದ್ದು ಜಾನ್‌ಕಾರ್ಲೊ ಮಾಸಾಂತಿ ಅವರು ರಚಿಸಿ 2007ರಲ್ಲಿ ತೆರೆದ ಸ್ಪೇನ್ ಗ್ರಂಥಾಲಯ ಉದ್ಯಾನ: ಗುಡ್ಡದ ನೆತ್ತಿಯಲ್ಲಿ ಮೂರು ಕರಿಯ ಬಂಡೆಗಳಂತೆ ನಿಂತ ಕಟ್ಟಡ. ಬಡವರ ನಡುವೆ ನಗರದ ಅತ್ಯುತ್ತಮ ಕಟ್ಟಡವಿರಬೇಕೆಂಬ ಸಂಕಲ್ಪ ಉದಾತ್ತವಾದುದು. ಅದನ್ನು ನಾವು ಲಘುವಾಗಿ ಕಾಣುವುದಿಲ್ಲ. ಆದರೆ ಹೊರಮೈಯ ಕಲ್ಲಿನ ಹಲಗೆಗಳು ಸಡಿಲಗೊಂಡು, ನೀರು ಒಳಗಿಳಿದು, ಎಂಟು ವರ್ಷಗಳೊಳಗೆ ಅದನ್ನು ಮುಚ್ಚಬೇಕಾಯಿತು. ಓದುವ ಮಕ್ಕಳಿಗೆ ಆದ ನಷ್ಟವನ್ನು ದೂರದಿಂದ ತೆಗೆದ ಛಾಯಾಚಿತ್ರಗಳು ತುಂಬಿಕೊಡಲಾರವು. ಕಣಿವೆಯ ಕೆಳಗಿನಿಂದ ಕಾಣಬೇಕೆಂದು ಕಟ್ಟಿದುದಕ್ಕೂ ಮೇಲೆ ವಾಸಿಸುವವರು ಬಳಸಲೆಂದು ಕಟ್ಟಿದುದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ನಗರದ ಪಶ್ಚಿಮದಲ್ಲಿರುವ 13ನೆಯ ವಿಭಾಗದಲ್ಲಿ 2011ರ ಡಿಸೆಂಬರಿನಲ್ಲಿ ತೆರೆದ ಚಲಿಸುವ ಮೆಟ್ಟಿಲುಗಳು ಮುದುಕರಿಗೂ ಹೊರೆ ಹೊತ್ತವರಿಗೂ ದಣಿವು ತಪ್ಪಿಸಿದವು. ಕಾಲಕ್ರಮದಲ್ಲಿ ಅವು ಪ್ರವಾಸಿಗಳ ತಾಣವೂ ಆದವು. ಎರಡು ಮೆಟ್ಟಿಲುಸಾಲುಗಳ ನಡುವಣ ಜಗಲಿಗಳಿಗೆ ಈಗ ನಿವಾಸಿಗಳು, ವ್ಯಾಪಾರಿಗಳು, ನೋಟಕರು ಮೂವರೂ ಹಕ್ಕುದಾರರು. ಮಟ್ಟಸ ನೆಲದ ಪ್ರಶ್ನೆ ಇಲ್ಲಿಯೂ ತಲೆಯೆತ್ತಿತು.

ಮೋಟಾರುಗಳನ್ನು ಮರೆತು ಯೋಜಿಸುವುದು ಸಾಧ್ಯವೇ ಎಂದು ಆಕ್ಷೇಪಿಸುವವರುಂಟು. ಮರೆಯಬೇಕಾಗಿಲ್ಲ, ಕೆಳಗೆ ನಿಲ್ಲಿಸಿದರೆ ಸಾಕು. ಇಟಲಿಯ ಪೆರೂಜಾ ಗುಡ್ಡದ ಮೇಲಣ ಪುರಾತನ ನಗರ. 1540ರ ದಶಕದಲ್ಲಿ ಪೋಪ್ ಮೂರನೆಯ ಪಾಲ್ ಅಲ್ಲಿ ಕೋಟೆ ಕಟ್ಟಿಸಿದಾಗ ಹಳೆಯ ಕೇರಿಯೊಂದು ಅದರಡಿ ಹೂತುಹೋಯಿತು. 1983ರಲ್ಲಿ ಪಾರ್ತಿಜಾನಿ ಚೌಕದ ನಿಲುಗಡೆಯಿಂದ ಹೊರಟ ಚಲಿಸುವ ಮೆಟ್ಟಿಲುಗಳು ಆ ಹೂತ ಕೇರಿಯ ಮೂಲಕವೇ ಜನರನ್ನು ಊರಿನ ನೆತ್ತಿಗೆ ತಲುಪಿಸಿದವು. 2008ರಲ್ಲಿ ಬಂದ ಮಿನಿಮೆಟ್ರೋ ಇನ್ನೂ ಕೆಳಗಿನ ಪಿಯಾನ್ ದಿ ಮಾಸ್ಸಿಯಾನೊದ ವಿಶಾಲವಾದ ನಿಲುಗಡೆಯಿಂದ ಹೊರಡುತ್ತದೆ. ಪೆರೂಜಾ ಅನುಕೂಲವಂತರ ಊರು, ಸಾಂತೊ ದೊಮಿಂಗೊ ಬಡವರದು. ಆದರೂ ಗುಡ್ಡದ ನಿಯಮ ಎರಡಕ್ಕೂ ಒಂದೇ. ಮೆಡೆಲಿನ್ನಿನ ಮೇಲಣ ಬಡಾವಣೆಗಳಲ್ಲಿ ಸಂಪಾದನೆ ಹೆಚ್ಚಿದಂತೆ ವಾಹನಗಳೂ ಹೆಚ್ಚುವುವು; ಅವುಗಳಿಗೆ ಬೇರೆ ಎಡೆ ತೋರಿಸದಿದ್ದರೆ ಮೊದಲು ಬಲಿಯಾಗುವುದು ಕಷ್ಟಪಟ್ಟು ಅಗಲಿಸಿದ ಕಾಲುದಾರಿಯೇ. ಆ ಎಡೆಯನ್ನು ಕೇಬಲ್ ಕಾರು ರೈಲನ್ನು ಸೇರುವ ಅಸೆವೆದೋದ ಸುತ್ತಮುತ್ತ, ಕಣಿವೆಯ ತಳದಲ್ಲಿ ಹುಡುಕುವುದು ಯುಕ್ತ. ಅಲ್ಲಿ ಮಟ್ಟಸ ನೆಲಕ್ಕಾಗಿ ಗುಡ್ಡವನ್ನು ಕಡಿಯಬೇಕಾಗಿಲ್ಲ.