‘ತಪ್ಪಿತು’ ಎಂಬ ಕ್ರಿಯಾಪದ

ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಬಗ್ಗೆ ನಾನು ಓದಿದ ಕನ್ನಡ ಬರಹಗಳಲ್ಲಿ ಹೆಚ್ಚಾಗಿ ಕಂಡ ಕ್ರಿಯಾಪದ ‘ತಪ್ಪಿತು’. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಬೆಂಗಳೂರಿನ ಹುಡುಗಿ 15 ಅಂಡರ್ ಪಾರ್; ಕಂಚು ಗೆದ್ದ ಲಿಡಿಯಾ ಕೊ 16. ಒಂದೇ ಹೊಡೆತ, ಪದಕ ತಪ್ಪಿತು. ಸರಿ, ಆದರೆ ಆ ನಾಲ್ಕು ದಿನದ ಆಟ ಎಲ್ಲಿ ಹೋಯಿತು? ಕೋವಿಡ್‌ನಿಂದ ಎದ್ದಿದ್ದ ಆಕೆಯ ಮೊದಲ ಹೊಡೆತ ಮುಂಚಿನಷ್ಟು ದೂರ ಹೋಗುತ್ತಿರಲಿಲ್ಲ. ವಿಶ್ವದ 200ನೇ ಶ್ರೇಯಾಂಕದವಳನ್ನು ಕೊನೆಯ ದಿನದವರೆಗೆ ಪದಕದ ಸಾಲಿನಲ್ಲಿ ನಿಲ್ಲಿಸಿದ್ದು ಕುಳಿಯ ಹತ್ತಿರದ ಸಣ್ಣ ಹೊಡೆತ, ಪಟಿಂಗ್. ಅದನ್ನು ಬಣ್ಣಿಸಲು ನಮ್ಮ ಕ್ರೀಡಾ ಬರಹ ಇನ್ನೂ ಮಾತು ಹುಡುಕಿಕೊಂಡಿಲ್ಲ.

ಅಲ್ಲಿ ಬ್ಯಾಗ್ ಹೊತ್ತವರು ತಾಯಿ ಮಹೇಶ್ವರಿ. 2016ರ ರಿಯೊದಲ್ಲಿ ತಂದೆ. ತಾಯಿ ಹೊತ್ತದ್ದನ್ನು ‘ಮಮತೆ’ ಎಂದು ಬರೆದು ಮುಗಿಸುತ್ತೇವೆ. ಉರಿಬಿಸಿಲಲ್ಲಿ ನಾಲ್ಕು ದಿನ ಹೊರುವುದು ದುಡಿಮೆ. (ನಮ್ಮ ಕುರ್ಡಿ ಕಡೆ ಹೊಲದಿಂದ ಹೊರೆ ಹೊತ್ತು ಬರುವ ಅವ್ವಂದಿರಿಗೂ ಇದೇ ಲೆಕ್ಕ.)

2016ರಲ್ಲೇ ಇಂಡಿಯನ್ ಓಪನ್ ಗೆದ್ದು, ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯಳು ಈಕೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಏಳು ಹೊಡೆತಗಳ ಮುನ್ನಡೆ ಕರಗಿ ಬೆಳ್ಳಿ ಬಂತು. ಭಾರತದ ಮಹಿಳಾ ಗಾಲ್ಫ್‌ಗೆ ಆ ಕೂಟದಲ್ಲಿ ಅದೇ ಮೊದಲ ವೈಯಕ್ತಿಕ ಪದಕ. ಮಾರನೆಯ ದಿನ ನಾನು ಓದಿದ ವರದಿ ಶುರುವಾಗಿದ್ದು ಚಿನ್ನ ‘ತಪ್ಪಿತು’ ಎಂದೇ.